ಓಸುಮಿ ಅವರ ಯೀಸ್ಟ್ ಕೆಲಸ: ಕನ್ನಡ ಉಪನ್ಯಾಸಕ್ಕೆ ಯಾವ ಪ್ರಯೋಗ ಆರಿಸಬೇಕು, ಪ್ರಭಾವ ಅಳೆಯುವುದು ಹೇಗೆ?

ಬಸವನಗುಡಿ ಓದುಗ (ಪ್ರಶ್ನೆ)

ಬಸವನಗುಡಿಯ ವಾಚನಾಲಯವೊಂದರಲ್ಲಿ ಪಿಯುಸಿ ಮತ್ತು ಬಿಎಸ್ಸಿ ಮಕ್ಕಳಿಗೆ 45 ನಿಮಿಷದ ಕನ್ನಡ ಉಪನ್ಯಾಸ ಇದೆ. ವಿಷಯ, ಜಪಾನಿನ ಜೀವಕೋಶ ವಿಜ್ಞಾನಿ ಯೊಶಿನೊರಿ ಓಸುಮಿ. ಟಿಪ್ಪಣಿಯಲ್ಲಿ ಸದ್ಯ ಇರುವುದು ಇಷ್ಟು: 1945ರಲ್ಲಿ ಫುಕುವೊಕದಲ್ಲಿ ಜನನ, ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ, 1988ರಲ್ಲಿ ಸ್ವಂತ ಲ್ಯಾಬ್, 2012ರಲ್ಲಿ ಕ್ಯೋಟೊ ಪ್ರಶಸ್ತಿ, 2016ರಲ್ಲಿ ವೈದ್ಯಶಾಸ್ತ್ರದ ನೊಬೆಲ್, ಅದೂ ಯಾರ ಜೊತೆಗೂ ಹಂಚಿಕೊಳ್ಳದೆ. ಇಷ್ಟನ್ನೇ ಹೇಳಿದರೆ ಬಯೋಡೇಟಾ ಓದಿದ ಹಾಗಾಗುತ್ತದೆ.

ಗೊತ್ತಿದ್ದವರು ಮೂರು ವಿಷಯ ತಿಳಿಸಬೇಕು. ಆಟೊಫ್ಯಾಜಿ, ಅಂದರೆ ಜೀವಕೋಶ ತನ್ನದೇ ಭಾಗಗಳನ್ನು ಜೀರ್ಣಿಸಿಕೊಳ್ಳುವ ಕ್ರಿಯೆ, 1960ರ ದಶಕದಿಂದಲೇ ಗೊತ್ತಿತ್ತಲ್ಲ, ಹಾಗಾದರೆ ಓಸುಮಿ ಹೊಸದಾಗಿ ಮಾಡಿದ್ದು ಏನು? ಅವರ ಪ್ರಭಾವವನ್ನು ಉಲ್ಲೇಖಗಳ ಎಣಿಕೆಯಿಂದ ತೋರಿಸಬಹುದೇ, ಅಥವಾ ಬೇರೆ ದಾರಿ ಇದೆಯೇ? ಕೊನೆಯದು, ಅವರು ನೋಡಿದ್ದನ್ನು ಸಾಮಾನ್ಯ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಮಕ್ಕಳಿಗೆ ತೋರಿಸಲು ಆಗುತ್ತದೆಯೇ? ಆಗುವುದಾದರೆ ಅಳತೆಗಳ ಸಮೇತ ಹೇಳಿ.

ಯೀಸ್ಟ್‌ಮನೆ

ಮೊದಲ ಪ್ರಶ್ನೆಯೇ ಇಡೀ ಉಪನ್ಯಾಸದ ಬೆನ್ನೆಲುಬು. 45ರಲ್ಲಿ 25 ನಿಮಿಷ ಇದಕ್ಕೇ ಕೊಡಿ.

‘ಆಟೊಫ್ಯಾಜಿ’ ಎಂಬ ಹೆಸರು ಕೊಟ್ಟವರು ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್, 1963ರಲ್ಲಿ. ಲೈಸೋಸೋಮ್, ಅಂದರೆ ಪ್ರಾಣಿಕೋಶದ ಜೀರ್ಣಚೀಲ, ಕಂಡುಹಿಡಿದವರೂ ಅವರೇ. 1974ರ ನೊಬೆಲ್ ಅವರಿಗೆ ಕ್ಲಾಡ್ ಮತ್ತು ಪಲಾಡೆ ಜೊತೆ ಬಂತು. ಇಲಿಯ ಯಕೃತ್ತಿಗೆ ಗ್ಲುಕಗಾನ್ ಎಂಬ ಹಾರ್ಮೋನ್ ಕೊಟ್ಟರೆ ಲೈಸೋಸೋಮ್‌ಗಳೊಳಗೆ ಮೈಟೊಕಾಂಡ್ರಿಯದ ತುಣುಕುಗಳು ಕಾಣುತ್ತವೆ ಎಂಬುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಗೊತ್ತಿತ್ತು. ಅಲ್ಲಿಂದ ಮುಂದೆ 25 ವರ್ಷ ದಾರಿ ಅಲ್ಲೇ ನಿಂತಿತು. ಚಿತ್ರ ಇತ್ತು, ಜೀನ್ ಒಂದೂ ಕೈಗೆ ಸಿಕ್ಕಿರಲಿಲ್ಲ. ಈ ಕ್ರಿಯೆಯಲ್ಲಿ ಹುಟ್ಟುವ ಚೀಲಗಳು ಕೆಲವೇ ನಿಮಿಷದಲ್ಲಿ ಕರಗಿಹೋಗುತ್ತವೆ. ಯಾವ ಪ್ರೋಟೀನ್ ಅದನ್ನು ಕಟ್ಟುತ್ತದೆ ಎಂದು ಹುಡುಕಲು ಹಿಡಿತವೇ ಇರಲಿಲ್ಲ.

ಓಸುಮಿ ಇದಕ್ಕೆ ನೇರವಾಗಿ ಬಂದವರಲ್ಲ. ಪಿಎಚ್‌ಡಿ ನಂತರ 1974ರಿಂದ 77ರವರೆಗೆ ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆರಾಲ್ಡ್ ಎಡೆಲ್‌ಮನ್ ಲ್ಯಾಬಿನಲ್ಲಿದ್ದರು. ಅಲ್ಲಿ ಮೊದಲು ಇಲಿಯ ಭ್ರೂಣದ ಕೆಲಸ, ಆಮೇಲೆ ಯೀಸ್ಟ್. ಯೀಸ್ಟನ್ನು ಒಡೆದು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ನ್ಯೂಕ್ಲಿಯಸ್ ಬೇರ್ಪಡಿಸುವಾಗ ಮೇಲ್ಗಡೆ ಒಂದು ಪದರ ತೇಲುತ್ತದೆ, ಅದು ವ್ಯಾಕ್ಯೂಲ್, ನಮ್ಮ ಶಾಲಾ ಪುಸ್ತಕಗಳ ‘ರಸದಾನಿ’. ಹೆಚ್ಚಿನವರು ಚೆಲ್ಲುತ್ತಿದ್ದ ಪದರ ಅದು. ಟೋಕಿಯೊಗೆ ಮರಳಿದ ಮೇಲೆ ಯಸುಹಿರೊ ಅನ್ರಕು ಲ್ಯಾಬಿನಲ್ಲಿ ಸುಮಾರು ಹತ್ತು ವರ್ಷ ಅದೇ ರಸದಾನಿಯ ಪೊರೆಯ ಮೇಲೆ ಕೆಲಸ ಮಾಡಿದರು. ಅಮೈನೊ ಆಮ್ಲಗಳು ಒಳಗೆ ಹೇಗೆ ಹೋಗುತ್ತವೆ, ಪ್ರೋಟಾನ್ ಪಂಪ್ ಯಾವುದು, ಇಂಥವು. 1988ರಲ್ಲಿ ಸಹ ಪ್ರಾಧ್ಯಾಪಕರಾಗಿ ಸ್ವಂತ ಚಿಕ್ಕ ಲ್ಯಾಬ್ ಸಿಕ್ಕಾಗ ವಯಸ್ಸು 43. ಆಗ ಪ್ರಶ್ನೆ ಬದಲಿಸಿದರು: ಈ ಚೀಲದ ತುಂಬ ಪ್ರೋಟೀನ್ ಒಡೆಯುವ ಕಿಣ್ವಗಳಿವೆ, ಹಾಗಾದರೆ ಅವು ಏನನ್ನು ಒಡೆಯುತ್ತವೆ, ಯಾವಾಗ?

ಇಲ್ಲಿಂದ ನಿಧಾನವಾಗಿ ಹೇಳಿ. ಯೀಸ್ಟ್‌ಗೆ ಸಾರಜನಕ ಸಿಗದಂತೆ ಮಾಡಿದರೆ ಅದು ತನ್ನ ಪ್ರೋಟೀನುಗಳನ್ನು ಒಡೆದು ಬದುಕಬೇಕು ಎಂಬುದು ತರ್ಕ. ಆದರೆ ಮಾಮೂಲಿ ಯೀಸ್ಟ್‌ನಲ್ಲಿ ನೋಡಿದರೆ ರಸದಾನಿ ತಿಳಿಯಾಗಿಯೇ ಇರುತ್ತದೆ, ಬಂದದ್ದೆಲ್ಲ ಕೂಡಲೇ ಕರಗುತ್ತದೆ. ಓಸುಮಿ ಆರಿಸಿದ್ದು ಪೆಪ್4 ಎಂಬ ಜೀನ್ ಕೆಟ್ಟ ತಳಿಯನ್ನು. ಎಲಿಜಬೆತ್ ಜೋನ್ಸ್ ಅಮೆರಿಕದಲ್ಲಿ 1977ರಲ್ಲೇ ಪ್ರಕಟಿಸಿದ್ದ ರೂಪಾಂತರಿ ಅದು. ಪೆಪ್4 ಇಲ್ಲದಿದ್ದರೆ ರಸದಾನಿಯ ಮುಖ್ಯ ಕಿಣ್ವಗಳು ಪಕ್ವವಾಗುವುದೇ ಇಲ್ಲ. ಚೀಲ ಇದೆ, ಸಾಗಣೆ ಇದೆ, ಜೀರ್ಣ ಇಲ್ಲ. ಆ ತಳಿಯನ್ನು ಹಸಿವಿಗೆ ಹಾಕಿ ಸಾಧಾರಣ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅರ್ಧ ಗಂಟೆಯಿಂದಲೇ ರಸದಾನಿಯೊಳಗೆ ಪುಟ್ಟ ಗುಂಡುಗಳು ಕಾಣತೊಡಗುತ್ತವೆ, ಮೂರು ಗಂಟೆಯ ಹೊತ್ತಿಗೆ ರಸದಾನಿ ಹೆಚ್ಚುಕಡಿಮೆ ತುಂಬುತ್ತದೆ. ಒಂದೊಂದೂ ಸುಮಾರು ಅರ್ಧ ಮೈಕ್ರಾನ್. ನಿಂತಲ್ಲಿ ನಿಲ್ಲದೆ ಕುದಿಯುವ ನೀರಿನಲ್ಲಿ ಸಾಸಿವೆ ಕುಣಿದ ಹಾಗೆ ಕುಣಿಯುತ್ತಿರುತ್ತವೆ. ಮಿಸುಜು ಬಾಬಾ ತೆಗೆದ ಎಲೆಕ್ಟ್ರಾನ್ ಚಿತ್ರಗಳಲ್ಲಿ ಆ ಗುಂಡುಗಳೊಳಗೆ ರೈಬೋಸೋಮ್‌ಗಳೂ ಆಗೊಮ್ಮೆ ಈಗೊಮ್ಮೆ ಮೈಟೊಕಾಂಡ್ರಿಯವೂ ಕಂಡವು. ಅಂದರೆ ಅವು ಒಂದು ಪೊರೆಯಲ್ಲಿ ಕಟ್ಟಿಟ್ಟ ಕೋಶದ್ರವ್ಯದ ಪೊಟ್ಟಣಗಳು. ಇದು 1992ರಲ್ಲಿ ಪ್ರಕಟವಾಯಿತು.

ಮಕ್ಕಳಿಗೆ ಉಪಮೆ ಬೇಕಾದರೆ ನಮ್ಮ ಊರಿನದೇ ಇದೆ. ಕಸದ ಗಾಡಿ ದಿನಾ ಬಂದರೆ ಬೀದಿಯಲ್ಲಿ ದಿನಕ್ಕೆ ಎಷ್ಟು ಕಸ ಹುಟ್ಟುತ್ತದೆ ಎಂದು ಯಾರಿಗೂ ಅಂದಾಜಿಲ್ಲ. ಎರಡು ದಿನ ಬರದಿದ್ದರೆ ಮೂಲೆಯ ಗುಡ್ಡೆ ನೋಡಿ ಯಾರಾದರೂ ಹೇಳುತ್ತಾರೆ. ಕೊನೆಯ ಹಂತವನ್ನು ತಡೆದು ಮೊದಲಿನ ಹಂತವನ್ನು ಕಣ್ಣಿಗೆ ಕಾಣಿಸುವುದು, ಓಸುಮಿ ಅವರ ಉಪಾಯ ಅದು. ಈ ಒಂದು ಮಾತು ಮಕ್ಕಳ ತಲೆಯಲ್ಲಿ ಕೂತರೆ ಉಳಿದದ್ದು ತಾನೇ ಬರುತ್ತದೆ.

ಮುಂದಿನ ಹೆಜ್ಜೆ 1993ರದು, ಇದರ ನೇರ ಫಲ. ಕಣ್ಣಿಗೆ ಕಾಣುವ ಗುರುತು ಸಿಕ್ಕಿತು, ಆದ್ದರಿಂದ ಅದು ಕಾಣದಂತಾಗುವ ರೂಪಾಂತರಿಗಳನ್ನು ಹುಡುಕಬಹುದು. ಮಿಕಿ ತ್ಸುಕಾಡ ಪೆಪ್4 ಕೆಟ್ಟ ಯೀಸ್ಟ್‌ಗೆ ರಾಸಾಯನಿಕದಿಂದ ಜೀನ್ ಕೆಡಿಸಿ, ಸಾವಿರಾರು ಕಾಲೊನಿಗಳನ್ನು ಹಸಿವಿಗೆ ಹಾಕಿ, ಒಂದೊಂದಾಗಿ ಸೂಕ್ಷ್ಮದರ್ಶಕದಡಿ ನೋಡಿದರು. ಗುಂಡುಗಳು ತುಂಬದ ತಳಿ ಒಂದು ಸಿಕ್ಕಿತು, ಅದಕ್ಕೆ ಎಪಿಜಿ1 ಎಂದು ಹೆಸರಿಟ್ಟರು. ಆ ತಳಿ ಹಸಿವಿನಲ್ಲಿ ಬೇಗ ಸಾಯುತ್ತದೆ ಎಂದು ಗೊತ್ತಾದದ್ದು ಎರಡನೇ ದೊಡ್ಡ ಅನುಕೂಲ. ಎಲ್ಲವನ್ನೂ ಕಣ್ಣಲ್ಲಿ ನೋಡಬೇಕಿಲ್ಲ. ಮೊದಲು ಹಸಿವಿನಲ್ಲಿ ಸಾಯುವವನ್ನು ಜರಡಿ ಹಿಡಿದು, ಅವನ್ನು ಮಾತ್ರ ನೋಡಿದರೆ ಸಾಕು. ಹಾಗೆ ಇನ್ನೂ 75 ರೂಪಾಂತರಿಗಳು ಸಿಕ್ಕಿ, ಎಲ್ಲ ಸೇರಿ 15 ಗುಂಪುಗಳಾದವು, ಗುಂಪಿಗೊಂದು ಜೀನ್. ಆರು ಪುಟದ ಲೇಖನ. ಈ ಕ್ಷೇತ್ರದಲ್ಲಿ ಅದಕ್ಕೆ ಸಮನಾದ ಆರು ಪುಟ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಪ್ರೋಟೀನ್‌ಪಟ್ಟಿ

ಮೇಲಿನ ಉತ್ತರಕ್ಕೆ ಪೂರ್ತಿ ಒಪ್ಪಿಗೆ, ಒಂದು ಮಾತಿನ ಹೊರತು. 15 ಜೀನ್‌ಗಳ ಪಟ್ಟಿ ಮಾತ್ರ ಇದ್ದು ಅಲ್ಲಿಗೇ ನಿಂತಿದ್ದರೆ ಇದು ಯೀಸ್ಟ್ ಕೆಲಸದವರ ಒಳಮಾತಾಗಿ ಉಳಿಯುತ್ತಿತ್ತು. ಇದೇ ಹೊತ್ತಿಗೆ ಜರ್ಮನಿಯಲ್ಲಿ ಮೈಕೆಲ್ ಥುಮ್ ಗುಂಪು, ಅಮೆರಿಕದಲ್ಲಿ ಡೇನಿಯಲ್ ಕ್ಲಿಯೋನ್ಸ್ಕಿ ಗುಂಪು ಬೇರೆ ದಾರಿಯಿಂದ ಅವೇ ಜೀನ್‌ಗಳಿಗೆ ಬಂದಿದ್ದವು. ಓಸುಮಿ ಲ್ಯಾಬನ್ನು ಬೇರೆ ಮಾಡಿದ್ದು 1996ರ ನಂತರದ ಜೀವರಸಾಯನ ಕೆಲಸ. ಆ ವರ್ಷ ಅವರು ಒಕಝಾಕಿಯ ರಾಷ್ಟ್ರೀಯ ಮೂಲಜೀವವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಹೋದರು, ವಯಸ್ಸು 51.

ಅಲ್ಲಿ ಏನಾಯಿತು? ಜೀನ್‌ಗಳ ಅನುಕ್ರಮ ಓದಿದಾಗ ಬಹುಪಾಲು ಯಾವ ಗೊತ್ತಿರುವ ಪ್ರೋಟೀನಿಗೂ ಹೋಲುತ್ತಿರಲಿಲ್ಲ. 1998ರಲ್ಲಿ ನೊಬೊರು ಮಿಝುಶಿಮ ಅವರು ಈ ಜೀನ್‌ಗಳಲ್ಲೊಂದರ ಎಟಿಜಿ12 ಎಂಬ ಚಿಕ್ಕ ಪ್ರೋಟೀನ್, ಇನ್ನೊಂದರ ಪ್ರೋಟೀನ್ ಎಟಿಜಿ5ಕ್ಕೆ ಶಾಶ್ವತವಾಗಿ ಅಂಟಿಕೊಳ್ಳುತ್ತದೆ ಎಂದು ತೋರಿಸಿದರು. ಎಟಿಜಿ12ರ ಕೊನೆಯ ಗ್ಲೈಸಿನ್, ಎಟಿಜಿ5ರ 149ನೇ ಲೈಸಿನ್‌ಗೆ ಅಂಟುತ್ತದೆ. ಅಂಟಿಸುವವರು ಎಟಿಜಿ7 ಮತ್ತು ಎಟಿಜಿ10. ಬಿಎಸ್ಸಿ ಮಕ್ಕಳಿಗೆ ಯುಬಿಕ್ವಿಟಿನ್, ಅಂದರೆ ಬೇರೆ ಪ್ರೋಟೀನಿಗೆ ಹಣೆಪಟ್ಟಿಯಂತೆ ಅಂಟುವ ಚಿಕ್ಕ ಪ್ರೋಟೀನ್, ಗೊತ್ತಿರುತ್ತದೆ. ಅದೇ ಜಾಣ್ಮೆ, ಆದರೆ ಹಣೆಪಟ್ಟಿ ಬೇರೆ. 2000ದಲ್ಲಿ ಇನ್ನೂ ಅಚ್ಚರಿಯದು ಬಂತು. ಎಟಿಜಿ8ರ ತುದಿಯ ಒಂದು ಆರ್ಜಿನೀನ್ ಅನ್ನು ಎಟಿಜಿ4 ಕತ್ತರಿಸುತ್ತದೆ, ಎಟಿಜಿ7 ಮತ್ತು ಎಟಿಜಿ3 ಅದನ್ನು ಹೊತ್ತು ತಂದು ಪ್ರೋಟೀನಿಗೆ ಅಂಟಿಸುವ ಬದಲು ಪೊರೆಯ ಕೊಬ್ಬಿಗೇ, ಫಾಸ್ಫಟಿಡಿಲ್ ಎಥನಾಲಮೀನ್‌ಗೆ, ಅಂಟಿಸುತ್ತವೆ. ಪ್ರೋಟೀನನ್ನು ಪೊರೆಗೆ ಹೀಗೆ ಹೊಲಿಯುವ ಏರ್ಪಾಡು ಅಲ್ಲಿಯವರೆಗೆ ಯಾರ ಕಲ್ಪನೆಯಲ್ಲೂ ಇರಲಿಲ್ಲ.

ಎಟಿಜಿ8ರ ಸಸ್ತನಿ ರೂಪ ಎಲ್‌ಸಿ3. ಅದೇ 2000ದಲ್ಲಿ ಕಬೆಯ, ಯೊಶಿಮೊರಿ ಮತ್ತು ಜೊತೆಗಾರರು ಅದನ್ನು ಆಟೊಫ್ಯಾಗೊಸೋಮ್‌ನ, ಅಂದರೆ ಕೋಶದ್ರವ್ಯವನ್ನು ಕಟ್ಟಿಕೊಳ್ಳುವ ಚೀಲದ, ಗುರುತಾಗಿ ತೋರಿಸಿದರು. ಅಲ್ಲಿಂದ ಯೀಸ್ಟ್ ಮುಟ್ಟದ ಲ್ಯಾಬುಗಳಿಗೂ ಬಾಗಿಲು ತೆರೆಯಿತು. ಕ್ಯಾನ್ಸರ್, ಕ್ಷಯ, ನರರೋಗ, ಯಾವುದರ ಮೇಲೆ ಕೆಲಸ ಮಾಡುವವರೂ ಒಂದು ಆ್ಯಂಟಿಬಾಡಿ ತಂದು ಜೆಲ್‌ನಲ್ಲಿ ಎಲ್‌ಸಿ3ರ ಪಟ್ಟಿ (ಬ್ಯಾಂಡ್) ನೋಡಬಹುದಾಯಿತು. 2004ರಲ್ಲಿ ಎಟಿಜಿ5 ಇಲ್ಲದ ಇಲಿಮರಿಗಳು ಹುಟ್ಟಿದ ಒಂದು ದಿನದೊಳಗೆ ಸಾಯುತ್ತವೆ ಎಂದು ಗೊತ್ತಾಯಿತು, ಏಕೆಂದರೆ ಹೊಕ್ಕುಳಬಳ್ಳಿ ಕಡಿದ ಮೇಲೆ ಹಾಲು ಸರಾಗವಾಗಿ ಸಿಗುವವರೆಗಿನ ಹಸಿವನ್ನು ಅವು ತಾಳಲಾರವು. 2006ರಲ್ಲಿ ಮೆದುಳಿನಲ್ಲಿ ಮಾತ್ರ ಎಟಿಜಿ5 ಅಥವಾ ಎಟಿಜಿ7 ತೆಗೆದರೆ, ಹಸಿವಿಲ್ಲದಿದ್ದರೂ, ನರಕೋಶ ಸಾಯುತ್ತದೆ ಎಂದು ಎರಡು ಗುಂಪುಗಳು ಒಟ್ಟಿಗೆ ತೋರಿಸಿದವು.

ಎಲ್‌ಸಿ3 ಪಟ್ಟಿಯ ಬಗ್ಗೆ ಒಂದು ಎಚ್ಚರಿಕೆ ಉಪನ್ಯಾಸದಲ್ಲೂ ಹೇಳಿ, ಬಿಎಸ್ಸಿ ಮುಗಿಸಿ ಲ್ಯಾಬಿಗೆ ಬರುವ ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ. ಜೆಲ್‌ನಲ್ಲಿ ಎರಡು ಪಟ್ಟಿ ಬರುತ್ತವೆ: ಮೇಲಿನದು ಎಲ್‌ಸಿ3-1, ಸುಮಾರು 16 ಕಿಲೊಡಾಲ್ಟನ್‌ನಲ್ಲಿ, ಕೆಳಗಿನದು ಎಲ್‌ಸಿ3-2, 14ರಲ್ಲಿ. ಕೊಬ್ಬು ಅಂಟಿದ ಎರಡನೆಯದೇ ನಿಜದಲ್ಲಿ ಭಾರ, ಆದರೂ ಕೊಬ್ಬಿನಿಂದಾಗಿ ಬೇಗ ಓಡುತ್ತದೆ. ಕೆಳಗಿನ ಪಟ್ಟಿ ದಪ್ಪವಾದರೆ ಆಟೊಫ್ಯಾಜಿ ಹೆಚ್ಚಾಯಿತು ಎಂದು ಬರೆದುಬಿಡುತ್ತಾರೆ. ಆಗಬೇಕೆಂದಿಲ್ಲ. ಉತ್ಪತ್ತಿ ಹೆಚ್ಚಿದರೂ ದಪ್ಪ, ಜೀರ್ಣ ನಿಂತರೂ ದಪ್ಪ. ಬೇರೆ ಮಾಡಲು ನಾಲ್ಕು ನಮೂನೆ ಬೇಕು: ಊಟ ಕೊಟ್ಟದ್ದು, ಹಸಿದದ್ದು, ಎರಡಕ್ಕೂ ಬಾಫಿಲೊಮೈಸಿನ್ ಎ1 ಹಾಕಿದ ಜೋಡಿ. ಸಾಮಾನ್ಯವಾಗಿ 100 ನ್ಯಾನೊಮೋಲಾರ್, ಕೊನೆಯ 2ರಿಂದ 4 ಗಂಟೆ. ಅದು ಲೈಸೋಸೋಮ್‌ನ ಪ್ರೋಟಾನ್ ಪಂಪನ್ನು ನಿಲ್ಲಿಸುತ್ತದೆ. ಔಷಧಿ ಹಾಕಿದ್ದಕ್ಕೂ ಹಾಕದ್ದಕ್ಕೂ ಇರುವ ವ್ಯತ್ಯಾಸವೇ ನಿಜವಾದ ಹರಿವು. ಅಳೆಯುವಾಗ ಎಲ್‌ಸಿ3-2 ಅನ್ನು ಆ್ಯಕ್ಟಿನ್‌ಗೆ ಹೋಲಿಸಿ, ಎಲ್‌ಸಿ3-1ಕ್ಕಲ್ಲ. ಎಲ್‌ಸಿ3-1 ಫ್ರೀಝ್ ಮಾಡಿ ಕರಗಿಸಿದರೆ ಹಾಳಾಗುತ್ತದೆ, ಆ್ಯಂಟಿಬಾಡಿಗಳೂ ಎರಡನ್ನೂ ಒಂದೇ ಸಮ ಹಿಡಿಯುವುದಿಲ್ಲ. 15 ಪರ್ಸೆಂಟ್ ಜೆಲ್, 0.2 ಮೈಕ್ರಾನ್ ರಂಧ್ರದ ಪಿವಿಡಿಎಫ್ ಪೊರೆ. 0.45ರದು ಹಾಕಿದರೆ ಇಷ್ಟು ಚಿಕ್ಕ ಪ್ರೋಟೀನ್ ತೂರಿ ಹೋಗಿಬಿಡುವ ಅಪಾಯ ಇದೆ.

ಈಗ ಗಮನಿಸಿ: ಬಾಫಿಲೊಮೈಸಿನ್ ಹಾಕಿ ಗುಡ್ಡೆ ಅಳೆಯುವುದೂ, 1988ರಲ್ಲಿ ಪೆಪ್4 ಕೆಟ್ಟ ಯೀಸ್ಟ್‌ನಲ್ಲಿ ಗುಂಡು ನೋಡಿದ್ದೂ ಒಂದೇ ತರ್ಕ. ಇವತ್ತು ಆಟೊಫ್ಯಾಜಿ ಅಳೆಯುವವರೆಲ್ಲ, ಓಸುಮಿ ಹೆಸರು ಬರೆಯದಿದ್ದರೂ, ಕೊನೆಯನ್ನು ತಡೆದೇ ನೋಡುತ್ತಾರೆ. ಪ್ರಭಾವ ಅಂದರೆ ನನ್ನ ಮಟ್ಟಿಗೆ ಇದು.

ಬಸವನಗುಡಿ ಓದುಗ

ಇಬ್ಬರಿಗೂ ಧನ್ಯವಾದ. ‘ತಡೆದು ನೋಡು’ ಎಂಬುದನ್ನೇ ಉಪನ್ಯಾಸದ ಎಳೆ ಮಾಡಿಕೊಳ್ಳುತ್ತೇನೆ. ಉಲ್ಲೇಖಗಳ ಎಣಿಕೆ ಬಗ್ಗೆ? ಒಂದು ಸ್ಲೈಡಾದರೂ ಇರಲಿ ಎಂದು ಆಯೋಜಕರ ಒತ್ತಾಯ. ಎಪಿಜಿ1, ಎಟಿಜಿ1 ಎರಡೂ ಒಂದೇನಾ, ಬೇರೆಯಾ?

ಉಲ್ಲೇಖಗಳ ಕಡತ

ಒಂದೇ. ಎಣಿಕೆಯ ಮೊದಲ ಗುಂಡಿ ಅದೇ. ಮೂರು ಗುಂಪುಗಳು ಮೂರು ಹೆಸರು ಕೊಟ್ಟಿದ್ದವು: ಓಸುಮಿ ಅವರದು ಎಪಿಜಿ, ಥುಮ್ ಅವರದು ಎಯುಟಿ, ಕ್ಲಿಯೋನ್ಸ್ಕಿ ಅವರದು ಸಿವಿಟಿ. 2003ರಲ್ಲಿ ಎಲ್ಲರೂ ಕೂತು ಎಟಿಜಿ ಎಂಬ ಒಂದೇ ಹೆಸರಿಗೆ ಒಪ್ಪಿದರು. ಎಟಿಜಿ1 ಅಂದರೆ ಹಳೆಯ ಎಪಿಜಿ1, ಎಯುಟಿ3, ಸಿವಿಟಿ10. ಎಟಿಜಿ8 ಅಂದರೆ ಎಪಿಜಿ8, ಎಯುಟಿ7, ಸಿವಿಟಿ5. ಹೊಸ ಹೆಸರು ಮಾತ್ರ ಹಾಕಿ ಹುಡುಕಿದರೆ 2003ಕ್ಕೆ ಹಿಂದಿನ ಲೇಖನಗಳು, ಅಂದರೆ ಅಡಿಪಾಯದವೇ, ಜಾರಿಹೋಗುತ್ತವೆ. ಮೂರೂ ಹೆಸರನ್ನು ‘ಅಥವಾ’ ಇಟ್ಟು ಹುಡುಕಿ.

ಎರಡನೇ ಗುಂಡಿ ಲೇಖಕರ ಹೆಸರು. ಯೊಶಿನೊರಿ ಅವರ ಪತ್ನಿ ಮರಿಕೊ ಓಸುಮಿ ಕೂಡ ಇದೇ ಕ್ಷೇತ್ರದ ಸಂಶೋಧಕಿ. 1998ರ ಎಟಿಜಿ12 ಲೇಖನದಲ್ಲಿ ಇಬ್ಬರೂ ಲೇಖಕರು, ಒಬ್ಬರ ಹಿಂದೆ ಒಬ್ಬರು. ಅದೇ ಪಟ್ಟಿಯಲ್ಲಿ ಕ್ಲಿಯೋನ್ಸ್ಕಿ ಹೆಸರೂ ಇದೆ. ಪೈಪೋಟಿಯ ಗುಂಪುಗಳು ಸಾಮಗ್ರಿ ಹಂಚಿಕೊಂಡಿದ್ದಕ್ಕೆ ಇಷ್ಟು ಒಳ್ಳೆಯ ಸಾಕ್ಷಿ ಬೇರೆ ಬೇಡ, ಅದನ್ನು ಮಕ್ಕಳಿಗೆ ತೋರಿಸಿ. ಇನ್ನೊಬ್ಬರು ಮಸಾಕೊ ಓಸುಮಿ, ಯೀಸ್ಟ್‌ನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರಗಳಿಗೆ ಹೆಸರಾದವರು. ಇಂಗ್ಲಿಷ್ ಕಾಗುಣಿತದಲ್ಲಿ ಅವರದಕ್ಕೆ ಒಂದು ‘ಎಚ್’ ಕಡಿಮೆ. ಕನ್ನಡದಲ್ಲಿ ಬರೆದರೆ ಮೂವರೂ ಒಂದೇ ಓಸುಮಿ! ಸ್ಲೈಡಿನಲ್ಲಿ ಮೊದಲ ಹೆಸರು ಪೂರ್ತಿ ಬರೆಯಿರಿ.

ಮೂರನೆಯದು ಹೆಚ್ಚು ದಾರಿತಪ್ಪಿಸುವಂಥದ್ದು. ಆಟೊಫ್ಯಾಜಿ ಅಳೆಯುವ ವಿಧಾನಗಳ ಮಾರ್ಗಸೂಚಿ ಎಂದು ಒಂದು ದೊಡ್ಡ ಲೇಖನ 2008ರಲ್ಲಿ ಬಂತು, 2012, 2016, 2021ರಲ್ಲಿ ಪರಿಷ್ಕರಣೆಗಳಾದವು. 2016ರದರಲ್ಲಿ 2 ಸಾವಿರಕ್ಕೂ ಹೆಚ್ಚು ಲೇಖಕರು. ವಿಧಾನದ ಭಾಗದಲ್ಲಿ ಎಲ್ಲರೂ ಅದನ್ನು ಉಲ್ಲೇಖಿಸುತ್ತಾರೆ, ಆದ್ದರಿಂದ ಆ ಸಾವಿರಾರು ಜನರ ಲೆಕ್ಕಕ್ಕೆಲ್ಲ ಆ ಸಂಖ್ಯೆ ಜಮೆಯಾಗುತ್ತದೆ. ಯಾವ ಆಟೊಫ್ಯಾಜಿ ವಿಜ್ಞಾನಿಯ ಒಟ್ಟು ಸಂಖ್ಯೆ ಹಾಕುವ ಮೊದಲೂ ಮಾರ್ಗಸೂಚಿಗಳನ್ನೂ ವಿಮರ್ಶಾ ಲೇಖನಗಳನ್ನೂ ತೆಗೆದು ಬೇರೆ ಕಾಲಂನಲ್ಲಿ ಇಡಿ. ಕೊನೆಯ ಲೇಖಕರನ್ನು (ಸಾಮಾನ್ಯವಾಗಿ ಲ್ಯಾಬಿನ ಮುಖ್ಯಸ್ಥರನ್ನು) ಮಾತ್ರ ಎಣಿಸುವ ಪದ್ಧತಿಯೂ ಇಲ್ಲಿ ಕೈಕೊಡುತ್ತದೆ. ಎಲ್‌ಸಿ3 ಬಗ್ಗೆ ಮೇಲೆ ಹೇಳಿದ 2000ದ ಲೇಖನದಲ್ಲಿ ಕೊನೆಯವರು ಯೊಶಿಮೊರಿ, ಅವರಿಗೆ ಮುಂಚಿನ ಹೆಸರು ಓಸುಮಿ.

ಇನ್ನೊಂದು ಮಾತು ಇದೆ, ಅದು ಸಂಖ್ಯೆಗೆ ಸಿಗುವುದೇ ಇಲ್ಲ. ತೀರಾ ಮೂಲಭೂತವಾದದ್ದನ್ನು ಜನ ಉಲ್ಲೇಖಿಸುವುದನ್ನೇ ಬಿಡುತ್ತಾರೆ. ಎಟಿಜಿ5 ಎಂದು ಬರೆಯುವಾಗ 1993ರ ಲೇಖನವನ್ನು ಈಗ ಎಷ್ಟು ಜನ ಅಡಿಟಿಪ್ಪಣಿಯಲ್ಲಿ ಹಾಕುತ್ತಾರೆ? ಹೆಸರೇ ಸಾಕಾಗುತ್ತದೆ. ಹಾಗಾಗಿ ಒಟ್ಟು ಸಂಖ್ಯೆಯ ಸ್ಲೈಡ್ ಬದಲು ವಂಶವೃಕ್ಷದಂಥ ಒಂದು ಸ್ಲೈಡ್ ಮಾಡಿ. ಕೆಳಗೆ ಬೇರಿನಲ್ಲಿ 1992, 1993. ಅಲ್ಲಿಂದ ಒಂದು ಕೊಂಬೆ 1998ರ ಎಟಿಜಿ12, ಇನ್ನೊಂದು 2000ದ ಎಟಿಜಿ8, ಅದರಿಂದ ಎಲ್‌ಸಿ3, ಅಲ್ಲಿಂದ 2004ರ ಇಲಿಮರಿ, 2006ರ ನರಕೋಶ. ಬೇರೆ ಕೊಂಬೆಯಲ್ಲಿ 1998ರದೇ ನೋಡ ಮತ್ತು ಓಸುಮಿ ಲೇಖನ: ಟಾರ್ ಎಂಬ ಕಿಣ್ವವನ್ನು ತಡೆಯುವ ರಾಪಮೈಸಿನ್ ಔಷಧಿ ಕೊಟ್ಟರೆ ಹೊಟ್ಟೆತುಂಬಿದ ಯೀಸ್ಟ್ ಕೂಡ ಹಸಿದಂತೆ ವರ್ತಿಸುತ್ತದೆ, ಅಂದರೆ ಟಾರ್ ಆಟೊಫ್ಯಾಜಿಯನ್ನು ಹಿಡಿದಿಟ್ಟಿದೆ ಎಂದು ತೋರಿಸಿದ್ದು. ಪ್ರತಿ ಕೊಂಬೆಯ ಪಕ್ಕ ಆ ಕೆಲಸ ಮಾಡಿದವರ ಹೆಸರು ಬರಲಿ: ತ್ಸುಕಾಡ, ಬಾಬಾ, ನೋಡ, ಮಿಝುಶಿಮ, ಇಚಿಮುರ, ಕಬೆಯ, ಯೊಶಿಮೊರಿ. ಇವರಲ್ಲಿ ಮಿಝುಶಿಮ, ಯೊಶಿಮೊರಿ ಮುಂದೆ ತಮ್ಮದೇ ದೊಡ್ಡ ಲ್ಯಾಬುಗಳನ್ನು ಕಟ್ಟಿದರು. ನೊಬೆಲ್ ಒಬ್ಬರಿಗೇ ಹೋಯಿತು ಎಂಬುದನ್ನು ಹೇಳುವಾಗ ಈ ಹೆಸರುಗಳನ್ನು ಬಿಡಬೇಡಿ, ದಯವಿಟ್ಟು.

ಕಣ್ಣುಗಾಜು

ಪ್ರಾತ್ಯಕ್ಷಿಕೆ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಆಗುತ್ತದೆ, ಆದರೆ ವಾಚನಾಲಯದ ಸಭಾಂಗಣದಲ್ಲಿ ಬೇಡ. ಕಾಲೇಜು ಲ್ಯಾಬಿನಲ್ಲಿ ಮಾಡಿ, ವಿಡಿಯೊ ತೆಗೆದು, ಸಭೆಯಲ್ಲಿ ತೋರಿಸಿ. ಕಾರಣ ಕೆಳಗೆ ಗೊತ್ತಾಗುತ್ತದೆ.

ಎರಡು ದಾರಿ. ಒಂದು, ಪೆಪ್4 ತೆಗೆದ ಯೀಸ್ಟ್ ತಳಿ. ಬೆಂಗಳೂರಿನಲ್ಲಿ ಯೀಸ್ಟ್ ಮೇಲೆ ಕೆಲಸ ಮಾಡುವ ಲ್ಯಾಬುಗಳಿಗೇನೂ ಕೊರತೆ ಇಲ್ಲ; ಇದು ಎಲ್ಲರ ಫ್ರೀಝರಿನಲ್ಲೂ ಇರಬಹುದಾದ ಮಾಮೂಲಿ ತಳಿ. ಆದರೆ ಅದರಲ್ಲಿ ಹೆಚ್ಚಾಗಿ ಆ್ಯಂಟಿಬಯಾಟಿಕ್ ತಡೆಯುವ ಜೀನ್ ಸೇರಿಸಿರುತ್ತಾರೆ, ಆದ್ದರಿಂದ ಕಾಲೇಜಿನ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು, ಲ್ಯಾಬಿನ ಹೊರಗೆ ಒಯ್ಯಬಾರದು. ಇನ್ನೊಂದು ದಾರಿ, ಬೇಕರಿಯ ಒಣ ಯೀಸ್ಟ್ ಜೊತೆ ಪಿಎಂಎಸ್‌ಎಫ್, ಅಂದರೆ ಪ್ರೋಟೀನ್ ಒಡೆಯುವ ಕಿಣ್ವಗಳನ್ನು ತಡೆಯುವ ರಾಸಾಯನಿಕ. ಮಾಮೂಲಿ ಯೀಸ್ಟ್‌ನಲ್ಲೂ ಪಿಎಂಎಸ್‌ಎಫ್ ಕೊಟ್ಟರೆ ಗುಂಡುಗಳು ನಿಲ್ಲುತ್ತವೆ ಎಂಬುದು 1992ರ ಲೇಖನದಲ್ಲೇ ಇದೆ. ಪಿಎಂಎಸ್‌ಎಫ್ ವಿಷ. ಕೈಗವಸು, ಫ್ಯೂಮ್ ಹುಡ್ ಇಲ್ಲದೆ ತೂಗಬಾರದು, ಮಕ್ಕಳ ಕೈಗೆ ಕೊಡಲೇಬಾರದು.

ಬೆಳೆಸುವುದು: ವೈಪಿಡಿ ದ್ರವ, ಅಂದರೆ 100 ಮಿ.ಲೀ. ನೀರಿಗೆ 1 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್, 2 ಗ್ರಾಂ ಪೆಪ್ಟೋನ್, 2 ಗ್ರಾಂ ಗ್ಲೂಕೋಸ್. ರಾತ್ರಿ ಹಾಕಿ, ಬೆಳಿಗ್ಗೆ 600 ನ್ಯಾನೊಮೀಟರ್ ‘ಓಡಿ’ (ದ್ರವ ಎಷ್ಟು ಮಬ್ಬಾಗಿದೆ ಎಂಬ ಅಳತೆ) 0.2ಕ್ಕೆ ತಿಳಿ ಮಾಡಿ, 30 ಡಿಗ್ರಿಯಲ್ಲಿ ಅಲ್ಲಾಡಿಸುತ್ತ ಓಡಿ 0.8ರಿಂದ 1 ಬರುವವರೆಗೆ ಬಿಡಿ, ಮೂರೂವರೆ ನಾಲ್ಕು ಗಂಟೆ. ಇಲ್ಲಿ ಅವಸರ ಮಾಡಿ ರಾತ್ರಿಯದನ್ನೇ ಬಳಸಿದರೆ ಪ್ರಯೋಗ ಕೆಟ್ಟಂತೆ. ಗ್ಲೂಕೋಸ್ ಮುಗಿದ ಯೀಸ್ಟ್‌ನಲ್ಲಿ ಆಟೊಫ್ಯಾಜಿ ಆಗಲೇ ಶುರುವಾಗಿರುತ್ತದೆ, ‘ಊಟ ಕೊಟ್ಟದ್ದು’ ಮತ್ತು ‘ಹಸಿದದ್ದು’ ಎರಡೂ ಒಂದೇ ಥರ ಕಾಣುತ್ತವೆ.

ಹಸಿವಿನ ದ್ರವ: 100 ಮಿ.ಲೀ.ಗೆ 0.17 ಗ್ರಾಂ ಯೀಸ್ಟ್ ನೈಟ್ರೋಜನ್ ಬೇಸ್, 2 ಗ್ರಾಂ ಗ್ಲೂಕೋಸ್. ಬಾಟಲಿಯ ಚೀಟಿ ಎರಡು ಸಲ ಓದಿ. ಅಮೈನೊ ಆಮ್ಲವೂ ಇರಬಾರದು, ಅಮೋನಿಯಂ ಸಲ್ಫೇಟೂ ಇರಬಾರದು. ಲ್ಯಾಬಿನಲ್ಲಿ ಸಾಮಾನ್ಯವಾಗಿ ಇರುವ ಬಾಟಲಿಯಲ್ಲಿ ಅಮೋನಿಯಂ ಸಲ್ಫೇಟ್ ಸೇರಿರುತ್ತದೆ, ಲೀಟರಿಗೆ 6.7 ಗ್ರಾಂ ಹಾಕಿ ಎಂದು ಬರೆದಿದ್ದರೆ ಅದೇ. ಅದನ್ನು ಹಾಕಿದರೆ ಯೀಸ್ಟ್‌ಗೆ ಹಸಿವೇ ಆಗುವುದಿಲ್ಲ. ಲ್ಯಾಬ್ ತಳಿಗಳಿಗೆ ಲ್ಯೂಸಿನ್, ಹಿಸ್ಟಿಡಿನ್ ಸೇರಿಸುವ ಅಭ್ಯಾಸ ಕೈಗೆ ಹತ್ತಿರುತ್ತದೆ, ಇಲ್ಲಿ ಅದನ್ನೂ ಸೇರಿಸಬಾರದು.

ಯೀಸ್ಟನ್ನು ತಿರುಗಿಸಿ ಇಳಿಸಿ, ಶುದ್ಧ ನೀರಿನಲ್ಲಿ ಎರಡು ಸಲ ತೊಳೆಯಿರಿ. ಒಂದೇ ಸಲ ತೊಳೆದರೆ ಪೆಪ್ಟೋನ್ ಉಳಿದು ಹಸಿವು ತಡವಾಗುತ್ತದೆ. 10 ಮಿ.ಲೀ. ಹಸಿವಿನ ದ್ರವದಲ್ಲಿ ಓಡಿ 1ಕ್ಕೆ ಕಲಸಿ. ಪಿಎಂಎಸ್‌ಎಫ್ ದಾರಿಯಾದರೆ ಎಥನಾಲ್‌ನಲ್ಲಿ 100 ಮಿಲಿಮೋಲಾರ್ ದ್ರಾವಣ ಮಾಡಿಕೊಳ್ಳಿ, 1 ಮಿ.ಲೀ.ಗೆ 17.4 ಮಿಲಿಗ್ರಾಂ, ಅದರಿಂದ 0.1 ಮಿ.ಲೀ. ಹಾಕಿದರೆ 1 ಮಿಲಿಮೋಲಾರ್ ಆಗುತ್ತದೆ. ನೀರಿನಲ್ಲಿ ಮೊದಲೇ ಕರಗಿಸಿಟ್ಟರೆ ಒಡೆದು ನಿಷ್ಪ್ರಯೋಜಕವಾಗುತ್ತದೆ. ಜೊತೆಗೆ ಎಥನಾಲ್ ಮಾತ್ರ ಹಾಕಿದ ಇನ್ನೊಂದು ಟ್ಯೂಬ್ ಇರಲಿ, ಅದರಲ್ಲಿ ರಸದಾನಿ ತಿಳಿಯಾಗಿಯೇ ಇರಬೇಕು. ಆ ಹೋಲಿಕೆ ಇಲ್ಲದಿದ್ದರೆ ಈ ಇಡೀ ಪ್ರಯೋಗಕ್ಕೆ ಅರ್ಥವಿಲ್ಲ.

30 ಡಿಗ್ರಿಯಲ್ಲಿ ಮೂರರಿಂದ ನಾಲ್ಕು ಗಂಟೆ. ಡಿಸೆಂಬರಿನಲ್ಲಿ ನಮ್ಮೂರಿನ ಕೋಣೆಯಲ್ಲಿ ಇಟ್ಟು ಆಗಲಿಲ್ಲ ಎನ್ನಬೇಡಿ, ಇನ್‌ಕ್ಯುಬೇಟರ್ ಬೇಕು.

ನೋಡುವುದು: ಸ್ಲೈಡಿನ ಮೇಲೆ 3 ಮೈಕ್ರೊಲೀಟರ್ ಸಾಕು. ಹೆಚ್ಚು ಹಾಕಿದರೆ ಕೋಶಗಳು ತೇಲುತ್ತವೆ, ಫೋಕಸ್ ನಿಲ್ಲದು. 100 ಪಟ್ಟಿನ ಎಣ್ಣೆ ಲೆನ್ಸ್, ಫೇಸ್ ಕಾಂಟ್ರಾಸ್ಟ್ ಇದ್ದರೆ ಚೆನ್ನ. ಇಲ್ಲದಿದ್ದರೆ ಕಂಡೆನ್ಸರಿನ ಡಯಾಫ್ರಮನ್ನು ಚೆನ್ನಾಗಿ ಮುಚ್ಚಿ, ಬೆಳಕು ಕಡಿಮೆಯಾಗಿ ಅಂಚುಗಳು ಎದ್ದು ಕಾಣುತ್ತವೆ. ಕೋಶ 5 ಮೈಕ್ರಾನ್, ಒಳಗಿನ ದುಂಡು ತಿಳಿ ಜಾಗ ರಸದಾನಿ. ಫೋಕಸ್ ಗುಂಡಿಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ ಆ ಜಾಗವನ್ನೇ ನೋಡುತ್ತಿರಿ. ಗುಂಡುಗಳು ನಡುಗುತ್ತಿರುತ್ತವೆ. ಮೊದಲ ನೋಟಕ್ಕೆ ದೂಳು ಎನಿಸುತ್ತದೆ. ದೂಳು ಕೋಶದ ಹೊರಗೂ ಅಲ್ಲಾಡುತ್ತದೆ, ಇವು ರಸದಾನಿಯ ಗಡಿ ಮುಟ್ಟಿ ಹಿಂದಿರುಗುತ್ತವೆ, ದಾಟುವುದಿಲ್ಲ. ಗುರುತಿಸುವುದು ಅಲ್ಲೇ. ಅದಕ್ಕೇ ಫೋಟೊ ಸಾಲದು, ಅರ್ಧ ನಿಮಿಷದ ವಿಡಿಯೊ ಬೇಕು. ನಿಂತ ಚಿತ್ರದಲ್ಲಿ ಗುಂಡು, ಕೊಬ್ಬಿನ ಹನಿ ಎರಡೂ ಒಂದೇ. ಒಣ ಯೀಸ್ಟ್‌ನಲ್ಲಿ ಸತ್ತ ಕೋಶಗಳು ಬಹಳ, ಅವುಗಳ ಒಳಗೂ ಏನೇನೋ ಕಾಣುತ್ತದೆ. 0.01 ಪರ್ಸೆಂಟ್ ಮೆಥಿಲೀನ್ ಬ್ಲೂ ಒಂದು ಹನಿ ಬೆರೆಸಿದರೆ ಸತ್ತವು ನೀಲಿಯಾಗುತ್ತವೆ, ಬಿಳಿ ಉಳಿದವನ್ನು ಮಾತ್ರ ನೋಡಿ.

ಯೀಸ್ಟ್‌ಮನೆ

ಕಣ್ಣುಗಾಜು ಅವರ ಅಳತೆಗಳೆಲ್ಲ ಸರಿ. ಒಣ ಯೀಸ್ಟ್ ದಾರಿಗೆ ಒಂದು ಸೇರ್ಪಡೆ: ಪೊಟ್ಟಣದಿಂದ ನೇರ ಬಳಸದೆ ಎರಡು ಸಲ ತಾಜಾ ವೈಪಿಡಿಗೆ ದಾಟಿಸಿ, ಸತ್ತ ಕೋಶಗಳ ಪಾಲು ತಾನೇ ಕಡಿಮೆಯಾಗುತ್ತದೆ.

ನನ್ನ ಕಸದ ಉಪಮೆಗೊಂದು ತಿದ್ದುಪಡಿ. ಹಸಿದ ಯೀಸ್ಟ್ ಪೊಟ್ಟಣ ಕಟ್ಟುವುದು ಕಸವನ್ನಲ್ಲ, ಚೆನ್ನಾಗಿ ಕೆಲಸ ಮಾಡುತ್ತಿರುವ ರೈಬೋಸೋಮ್‌ಗಳನ್ನೇ. ಅದರಿಂದ ಬರುವ ಅಮೈನೊ ಆಮ್ಲದಿಂದ ಆ ಹೊತ್ತಿಗೆ ಬೇಕಾದ ಬೇರೆ ಪ್ರೋಟೀನ್ ಮಾಡಿಕೊಳ್ಳುತ್ತದೆ. ಬರಗಾಲದಲ್ಲಿ ಬಿತ್ತನೆಗೆ ಇಟ್ಟ ರಾಗಿಯನ್ನು ತೆಗೆದು ಅಂಬಲಿ ಮಾಡಿದ ಹಾಗೆ. ಹಸಿವಿಲ್ಲದ ನರಕೋಶದಲ್ಲಿ ಮಾತ್ರ ಕಸದ ಮಾತು ಹೆಚ್ಚು ಸರಿಹೊಂದುತ್ತದೆ, ಅಲ್ಲಿ ಸೇರಿಕೊಳ್ಳುವುದು ಕೆಟ್ಟ ಪ್ರೋಟೀನಿನ ಗಂಟುಗಳು. ಗಾಡಿ ಬರದ ಬೀದಿಯನ್ನು ‘ತಡೆದು ನೋಡು’ ಎಂದು ವಿವರಿಸಲು ಬಳಸಿ, ರಾಗಿಯನ್ನು ಯೀಸ್ಟ್ ಹಾಗೇಕೆ ಮಾಡುತ್ತದೆ ಎಂದು ಹೇಳಲು ಬಳಸಿ. ಎರಡನ್ನೂ ಒಂದೇ ಸ್ಲೈಡಿನಲ್ಲಿ ಇಡಬೇಡಿ, ಮಕ್ಕಳಿಗೆ ಕಲಸುಮೇಲೋಗರವಾಗುತ್ತದೆ.